ಕೋಳಿಗಳನ್ನು ಅಳೆಯಲು ಕೂತವನು

ತಂಗಿ ನನಗೆ ವಹಿಸಿದ್ದು ಒಂದೇ ಕೆಲಸ: ಜಗಲಿಯ ಮೇಲೆ ಕೂತು ಕೋಳಿಗಳನ್ನು ಸುಮ್ಮನೆ ನೋಡುವುದು. ಅದೂ ನನ್ನ ಕೈಲಾಗಲಿಲ್ಲ.

ಸರಸು ಕೆಂಗೇರಿಯಿಂದ ದಿನಾ ರೈಲಿನಲ್ಲಿ ಕಾಲೇಜಿಗೆ ಹೋಗಿ ಮನಶ್ಶಾಸ್ತ್ರ ಓದುತ್ತಿದ್ದಳು. ಪ್ರಾಣಿಗಳ ನಡವಳಿಕೆಯನ್ನು ಸರಿಯಾಗಿ ಅಳೆದು ತೋರಿಸಿದರೆ ಪ್ರಯೋಗಶಾಲೆಯಲ್ಲಿ ಜಾಗ ಕೊಡುವುದಾಗಿ ಅವಳ ಮೇಷ್ಟರು ಹೇಳಿದ್ದರು. ನಾನು ನಾಲ್ಕನೇ ಕ್ಲಾಸಿಗೇ ಶಾಲೆಗೆ ನಮಸ್ಕಾರ ಹೇಳಿದವನು. ಬರೆಯುವ ಗೋಜೇ ಬೇಡವೆಂದು ಅವಳು ಮೂರು ತೆಂಗಿನ ಚಿಪ್ಪು ಇಟ್ಟಳು. ಕೆಂಪಿ, ಕರಿ, ಬಿಳಿ ಎಂಬ ನಮ್ಮ ಮೂರು ಕೋಳಿಗೆ ಒಂದೊಂದು.

"ಯಾವ್ದು ಇನ್ನೊಂದನ್ನ ಕುಕ್ಕುತ್ತೋ ಅದರ ಚಿಪ್ಪಿಗೆ ಒಂದು ಕಲ್ಲು ಹಾಕಣ್ಣ. ಬೇರೆ ಏನೂ ಮಾಡ್ಬೇಡ."

"ಏನೂ ಮಾಡದೆ ಇರೋದ್ರಲ್ಲಿ ನನ್ನ ಮೀರಿಸೋರು ಯಾರಿದಾರೆ ಹೇಳು," ಎಂದೆ.

ಕಲ್ಲು ಆರಿಸಲು ಬಿಸಿಲಿಗೆ ಇಳಿಯಬೇಕಿತ್ತು. ಹುರುಳಿ ಮೂಟೆ ಜಗಲಿಯಲ್ಲೇ ಇತ್ತು. ಕಲ್ಲಾದರೇನು, ಕಾಳಾದರೇನು ಎಂದು ಪಂಚೆಯ ಮಡಿಲಿಗೆ ಹುರುಳಿ ತುಂಬಿಕೊಂಡೆ.

ಕೆಂಪಿ ಕರಿಯನ್ನು ಕುಕ್ಕಿತು. ಟಕ್ ಎಂದು ಚಿಪ್ಪಿಗೆ ಕಾಳು ಬಿತ್ತು. ಕೆಂಪಿ ಓಡಿ ಬಂದು ಲೆಕ್ಕವನ್ನು ತಿಂದಿತು. ನಾನು ಪ್ರಾಮಾಣಿಕ, ಮತ್ತೊಂದು ಹಾಕಿದೆ. ಅದನ್ನೂ ತಿಂದಿತು.

ವಾರ ಕಳೆಯುವಷ್ಟರಲ್ಲಿ ಅಂಗಳ ಗರಡಿಮನೆಯಾಯಿತು. ಹುಟ್ಟಾ ಸಾಧುವಾಗಿದ್ದ ಬಿಳಿ ಉಳಿದೆರಡನ್ನೂ ಅಟ್ಟಾಡಿಸಿ ಕುಕ್ಕುತ್ತಿತ್ತು.

"ಏನಪ್ಪಾ, ಕೋಳಿಗಳ ಕೈಲಿ ಜಗಳ ಆಡಿಸ್ತಾ ಕೂತಿದೀಯ?" ಪಕ್ಕದ ಮನೆಯ ನಿಂಗಕ್ಕ ಕೇಳಿದಳು.

"ನಡವಳಿಕೆ ಅಳೀತಾ ಇದೀನಕ್ಕ."

ಸಂಜೆ ಹೊತ್ತಿಗೆ ಚಿಪ್ಪುಗಳು ಖಾಲಿಯಾಗಿರುತ್ತಿದ್ದವು. ಸರಸುವಿನ ರೈಲು ಕೂಗಿದ ಕೂಡಲೇ ನೆನಪಿದ್ದಷ್ಟು ಕಲ್ಲು ಹೆಕ್ಕಿ ತುಂಬುತ್ತಿದ್ದೆ.

"ಇಂಥ ಸಾಧು ಕೋಳಿ ಹಿಂಗೆ ಜೋರಾಗಿದ್ದು ನಮ್ಮ ಯಾವ ಪುಸ್ತಕದಲ್ಲೂ ಇಲ್ಲಣ್ಣ," ಎಂದು ಅವಳು ಹಿಗ್ಗಿದಳು. ನಾನು ಹುರುಳಿಯ ಮಡಿಲನ್ನು ಇನ್ನಷ್ಟು ಬಿಗಿಯಾಗಿ ಕಟ್ಟಿಕೊಂಡೆ.

ಈ ವಿಚಿತ್ರ ನೋಡಲು ಭಾನುವಾರ ಮೇಷ್ಟರೇ ಬಂದರು. ನಾನು ಜಗಲಿಯಲ್ಲಿ ಕೂತೆ. ಮೂರೂ ಕೋಳಿ ನನ್ನ ಮುಂದೆ ಸಾಲಾಗಿ ನಿಂತವು. ಬಿಳಿ ಶಾಸ್ತ್ರಕ್ಕೆಂಬಂತೆ ಕೆಂಪಿಯನ್ನು ಒಮ್ಮೆ ಕುಕ್ಕಿ, ಕತ್ತೆತ್ತಿ ನನ್ನ ಕೈ ನೋಡಿತು.

"ಇವು ನಿಮ್ಮ ಕೈನ ಯಾಕ್ರೀ ನೋಡ್ತಿವೆ?" ಎಂದರು ಮೇಷ್ಟರು.

ಮಡಿಲು ಬಿಚ್ಚಿ ತೋರಿಸಿದೆ. ಹುರುಳಿ ಕಂಡು ಸರಸುವಿನ ಮುಖ ಬಾಡಿತು.

"ರಜೆಯಲ್ಲಿ ಮೊದಲಿಂದ ಮಾಡಮ್ಮ. ಜಾಗದ ಮಾತು ಆಮೇಲೆ," ಎಂದರು ಮೇಷ್ಟರು. "ಅಣ್ಣನ್ನ ಮಾತ್ರ ಒಳಗೆ ಕೂರಿಸು."

"ಏನೂ ಮಾಡ್ಬೇಡ ಅಂದಿದ್ನಲ್ಲಣ್ಣ," ಎಂದಳು ಸರಸು, ಮೆಲ್ಲಗೆ.

ತಂಗಿಗೆ ಕೈ ಮುಗಿಯಲೆಂದು ಎರಡೂ ಕೈ ಎತ್ತಿದೆ. ಕೈ ಎದ್ದದ್ದೇ ತಡ, ಕೋಳಿಗಳು ಒಂದರ ಮೇಲೊಂದು ಬಿದ್ದು ಕುಕ್ಕಾಡತೊಡಗಿದವು. ಆ ಗದ್ದಲದಲ್ಲಿ ನಾನು ಕೂಗಿಯೇ ಹೇಳಬೇಕಾಯಿತು.

"ತಪ್ಪಾಯ್ತು ಕಣೇ ಸರಸು. ಅವುಗಳದ್ದೇನೂ ತಪ್ಪಿಲ್ಲ. ಅವಕ್ಕೆ ಪಾಠ ಹೇಳ್ಕೊಟ್ಟ ಮೇಷ್ಟ್ರು ನಾನೇ."