ಬಚ್ಚಲಿಗೆ ಗೆರೆ ಬೇಡ, ಬಾಗಿಲು ಬೇಕು

ಇಂದ:
ತಮ್ಮ ಅತ್ತೆ,
ಬಚ್ಚಲ ಪಕ್ಕದ ಕೋಣೆ.

ಗೆ:
ಅಳಿಯಂದಿರು,
ಸಿಎನ್‌ಸಿ ಮೇಜಿನ ಮಾಲೀಕರು, ನಿರ್ವಾಹಕರು ಹಾಗೂ ಏಕೈಕ ಪ್ರೇಕ್ಷಕರು,
ಹಿಂದೆ ಊಟದ ಕೋಣೆಯಾಗಿದ್ದ ಕೋಣೆ.

ಮೂಲಕ: ಮಗಳು. (ಓದಿ ನಕ್ಕಿದ್ದಾಳೆ. ಶಿಫಾರಸು ಮಾಡಿಲ್ಲ.)

ವಿಷಯ: ಬಚ್ಚಲ ಬಾಗಿಲಿನ ಜಾಗದಲ್ಲಿ ಲೇಸರ್ ಗೆರೆ ಹಾಕುವ ಯೋಜನೆಯನ್ನು ಕೈಬಿಟ್ಟು, ಮರದ್ದೋ ಪ್ಲಾಸ್ಟಿಕ್ಕಿನದೋ ಒಂದು ಬಾಗಿಲನ್ನೇ ಹಾಕಿಸಿಕೊಡುವ ಬಗ್ಗೆ.

ಉಲ್ಲೇಖ: 1) "ಈ ಶನಿವಾರ ಬಾಗಿಲು ರೆಡಿ ಅತ್ತೆ" ಎಂಬ ತಮ್ಮ ಮೌಖಿಕ ಆದೇಶ, ಹಲವು ಶನಿವಾರಗಳದು.
2) ಮೊನ್ನೆ ಭಾನುವಾರ ಸಂಜೆಯ ಘಟನೆ.

ಮಾನ್ಯ ಅಳಿಯಂದಿರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ಮಗಳ ಮನೆಯಲ್ಲಿ ಇರುವವಳು ಬಾಯಿ ತೆರೆಯಬಾರದೆಂಬುದನ್ನು ಬಲ್ಲವಳಾಗಿಯೂ, ಈ ಕೆಳಗಿನ ಸಂಗತಿಗಳನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ.

1. ಸದರಿ ಬಚ್ಚಲಿನ ಹಳೆಯ ಬಾಗಿಲು ಬುಡದಲ್ಲಿ ಕೊಳೆತಿದ್ದು ನಿಜ. ಬಡಗಿ ಬಂದು ಅಳತೆ ಹಿಡಿಯುತ್ತಿದ್ದಾಗ ತಾವು ಒಳಗಿಂದ ಬಂದು, "ಬೇಡ ಬಿಡಪ್ಪ, ಕಂಪ್ಯೂಟರ್ ಹೇಳಿದ ಹಾಗೆ ಹಲಗೆ ಕೊರೆಯೋ ಮೇಜು ಮನೇಲೇ ಇದೆ" ಎಂದಿರಿ. "ಒಳ್ಳೇದಾಯ್ತು ಸ್ವಾಮಿ, ನಮ್ಮನೆಗೂ ಒಂದು ಕೊರೆದುಕೊಡಿ" ಎಂದು ಆತ ಟೇಪು ಸುತ್ತಿಕೊಂಡು ಹೋದ. ಆತ ಮೆಟ್ಟಿಲಿಳಿಯುವಷ್ಟರಲ್ಲಿ ತಾವು ಹಳೆಯ ಬಾಗಿಲನ್ನು ಬಿಚ್ಚಿದ್ದಿರಿ. ಅದು ಈಗ ತಮ್ಮ ಮೇಜಿನ ಮೇಲೆ, ಕೊರೆಯುವ ಹಲಗೆಗೆ ಅಡಿಹಾಸಾಗಿ, ಮೈತುಂಬ ಅಲಗಿನ ಗಾಯ ಹೊತ್ತು ಮಲಗಿದೆ. ಕಾರಣ, ಅದನ್ನು ಹಿಂದಿರುಗಿಸುವ ಪ್ರಶ್ನೆ ಉದ್ಭವಿಸುವುದಿಲ್ಲ.

2. ತಾವು ಹೊಸ ಬಾಗಿಲು ಕೊರೆದದ್ದೂ ನಿಜ. ಚೆನ್ನಾಗಿಯೇ ಇತ್ತು. ಅದರ ಮೇಲಿನ ಹೂಬಳ್ಳಿ ಮಾತ್ರ ಒಂದು ಕಡೆ ಅಕ್ಕಿಕಾಳಿನಷ್ಟು ವಾಲಿತ್ತು. "ಬಚ್ಚಲ ಬಾಗಿಲಿನ ಹೂವನ್ನ ಯಾರು ಮೂಸಿ ನೋಡ್ತಾರ್ರೀ, ಹಾಕ್ಬಿಡಿ" ಎಂದು ಮಗಳು ಬೇಡಿಕೊಂಡಳು. "ಹಲಗೆ ಇಡೋವಾಗ್ಲೇ ಸೊಟ್ಟ ಕೂತಿದೆ ಕಣೇ. ಕಣ್ಣಳತೆ ನಂಬಿದ್ರೆ ಹೀಗೇ. ಲೇಸರ್ ಹಾಕ್ಬೇಕು" ಎಂದಿರಿ. ಹಾಗೆಂದು ಆ ಬಾಗಿಲನ್ನೇ ತುಂಡು ಮಾಡಿ ಲೇಸರ್ ದೀಪಗಳಿಗೆ ಹಿಡಿಗಳನ್ನು ಮಾಡಿಕೊಂಡಿರಿ. ಹೀಗೆ ಸದರಿ ಮೇಜು ಎರಡು ಬಾಗಿಲುಗಳನ್ನು ನುಂಗಿದ್ದು, ಒಂದನ್ನೂ ಕಕ್ಕಿಲ್ಲ.

3. ಉದ್ದಕ್ಕೊಂದು, ಅಡ್ಡಕ್ಕೊಂದು ಕೆಂಪು ಗೆರೆ. ಎರಡೂ ಕೂಡುವಲ್ಲಿ ಹಲಗೆಯ ಮೂಲೆ ಇಟ್ಟರೆ ಸೊಟ್ಟವಾಗದು ಎಂಬುದು ತಮ್ಮ ವಿವರಣೆ. ಕೇಳಿದರೆ ಕೈಮುಗಿಯುವಂತಿತ್ತು. ಆದರೆ ಗೆರೆ ಬಿದ್ದ ಕಡೆ ಅಲಗು ಇಳಿಯಲಿಲ್ಲ. ಅದನ್ನು ಹೊಂದಿಸಿದಿರಿ, ಮೇಜು ನಡುಗಿ ಗೆರೆ ಕದಲಿತು. ಅದನ್ನು ಬಿಗಿದಿರಿ, ಬಿಗಿದ ಮೇಲೆ, ಟವೆಲು ಹಿಡಿದು ಸ್ನಾನಕ್ಕೆ ಹೊರಟಿದ್ದ ನನ್ನನ್ನು ತಡೆದು, "ಗೆರೆಗೇ ದಪ್ಪ ಇದೆ ಅತ್ತೆ! ಯಾವ ಅಂಚನ್ನ ನಂಬೋದು?" ಎಂದು ಕೇಳಿದಿರಿ. ಬಾಗಿಲು ಕೊರೆಯದೆ ಗೆರೆ ಸರಿಯೋ ತಿಳಿಯದು, ಗೆರೆ ಸರಿಯಾಗದೆ ಬಾಗಿಲು ಕೊರೆಯಲಾಗದು. ಹುಚ್ಚು ಬಿಟ್ಟ ಹೊರತು ಮದುವೆಯಾಗದು, ಮದುವೆಯಾದ ಹೊರತು ಹುಚ್ಚು ಬಿಡದು.

4. ಈ ಅವಧಿಯಲ್ಲಿ ಬಚ್ಚಲಿಗೆ ಪರದೆಯೇ ಗತಿ. ಒಳಗಿರುವವರು ಏನಾದರೂ ಸದ್ದು ಮಾಡುತ್ತಿರಬೇಕೆಂದು ತೀರ್ಮಾನವಾಯಿತು. ಮಗಳು ಸಿನಿಮಾ ಹಾಡು ಹೇಳುತ್ತಾಳೆ. ನಾನು ಕೆಮ್ಮಿದೆ, ತಾವು ಕೆಮ್ಮಿನ ಔಷಧಿ ತಂದಿರಿ. ಕಾರಣ, ನನ್ನಲ್ಲಿ ಉಳಿದದ್ದು ಪದ್ಯ ಮಾತ್ರ. ನಮ್ಮ ತಂದೆ ರಾಗವಾಗಿ ಓದುವಾಗ ಕೇಳಿ ಕಲಿತು, ಮನಸ್ಸಿನಲ್ಲೇ ಹೇಳಿಕೊಂಡು ಬಂದದ್ದು. ಬಚ್ಚಲೂ ಕಕ್ಕಸೂ ಒಂದೇ ಕೋಣೆಯಾದ್ದರಿಂದ ಸ್ತುತಿಯ ಭಾಗ ಬಿಟ್ಟು, ಯುದ್ಧದಲ್ಲಿ ವೈರಿ ಬಯ್ಯುವ ಪದ್ಯಗಳನ್ನು ಆರಿಸಿಕೊಂಡೆ. ಆದರೆ ಆ ವೈರಿಯೂ ದೇವರನ್ನು ಹೆಸರು ಹಿಡಿದೇ ಬಯ್ಯುತ್ತಾನೆ. ಅಂಥ ಜಾಗದಲ್ಲಿ ಆ ಹೆಸರೆತ್ತಲು ನಾಲಗೆ ಒಪ್ಪದ ಕಾರಣ, ಹೆಸರು ಬಂದ ಕಡೆ ಸುಮ್ಮನಾಗಿ, ಒಳಗೊಳಗೇ ಕ್ಷಮೆ ಕೇಳಿ, ಮುಂದಿನ ಸಾಲಿಗೆ ಹೋಗುತ್ತಿದ್ದೆ.

5. ಮೊನ್ನೆ ಭಾನುವಾರ ತಮ್ಮ ಗೆಳೆಯರಾದ ಲೇಸರ್ ಪಂಡಿತರು ಬಂದಿದ್ದರು. ಗೆರೆ ಚೆನ್ನಾಗಿ ಕಾಣಲೆಂದು ತಾವು ಮನೆಯ ದೀಪಗಳನ್ನೆಲ್ಲ ಆರಿಸಿದಿರಿ, ನಾನಿದ್ದ ಬಚ್ಚಲಿನದೂ ಸೇರಿ. ಪಂಡಿತರು ಕೈತೊಳೆಯಲು ಬಂದು, ಪದ್ಯ ಕೇಳಿ, ಮರ್ಯಾದಸ್ಥರಂತೆ ಪರದೆಯಾಚೆ ಕಾದರು. ನಾನು ಹೇಳುತ್ತಿದ್ದ ಪದ್ಯದಲ್ಲಿ ವೈರಿಗೆ ಸಿಟ್ಟು ನೆತ್ತಿಗೇರಿ ಅದೇ ಹೆಸರನ್ನು ಮತ್ತೆ ಮತ್ತೆ ಕೂಗುತ್ತಾನೆ. ನನ್ನ ಮೌನವೂ ಅಷ್ಟೇ ಉದ್ದವಾಯಿತು. ಪರದೆ ಸರಿಯಿತು. ಮೊಬೈಲಿನ ಬೆಳಕು ನೆಟ್ಟಗೆ ನನ್ನ ಮೇಲೆ ಬಿತ್ತು.

"ಅಯ್ಯೋ! ಸಾರಿ ಆಂಟಿ! ಪದ್ಯ ಮುಗೀತು ಅಂದ್ಕೊಂಡೆ!"

ನಾನು ಬಕೆಟ್ಟಿನ ಹಿಂದೆ ಧಪ್ಪನೆ ಕುಸಿದೆ. ಆಗ ಮೇಜಿನ ಬಳಿಯಿಂದ ತಾವು ಕೂಗಿದ ಮಾತು ದಾಖಲಾಗತಕ್ಕದ್ದು: "ಯಾರದು, ನೆಲ ಅದುರಿಸ್ಬೇಡ್ರೀ, ಗೆರೆ ಅಲ್ಲಾಡ್ತಿದೆ!"

6. ಮಾರನೆಯ ದಿನ ತಾವು ಬಂದು, "ಬೇಜಾರು ಮಾಡ್ಕೋಬೇಡಿ ಅತ್ತೆ. ಒಂದು ಲೇಸರ್ ಮಿಕ್ಕಿದೆ, ಬಚ್ಚಲ ಹೊಸ್ತಿಲಿಗೆ ಹಾಕ್ತೀನಿ. ನೀವು ಒಳಗಿದ್ರೆ ಕೆಂಪು ಗೆರೆ ಉರಿಯುತ್ತೆ, ಯಾರೂ ದಾಟಲ್ಲ" ಎಂದಿರಿ.

"ಪರದೆ ಇರುತ್ತಲ್ವಾ?" ಎಂದೆ.

"ಇರುತ್ತೆ. ಸ್ವಲ್ಪ ಮೇಲಕ್ಕೆ ಕಟ್ಬೇಕಾಗುತ್ತೆ ಅಷ್ಟೇ, ಇಲ್ಲಾಂದ್ರೆ ಗೆರೆಗೆ ಅಡ್ಡ ಬರುತ್ತೆ."

7. ಮಾನ ಹೋದದ್ದನ್ನು ಸಹಿಸಬಲ್ಲೆ. ಈ ವಯಸ್ಸಿನಲ್ಲಿ ಅದಕ್ಕೆ ಗಿರಾಕಿಗಳು ಕಡಿಮೆ. ಆದರೆ ಈಗ ದೇವರ ಮುಂದೆ ಕೂತು ಅದೇ ಪದ್ಯ ಹೇಳುವಾಗಲೂ, ಹೆಸರಿನ ಹತ್ತಿರ ನಾಲಗೆ ತಾನಾಗಿ ನಿಂತುಬಿಡುತ್ತದೆ. ನಿಂತು, ಯಾರಾದರೂ ಬಂದರೇನೋ ಎಂದು ಆಲಿಸುತ್ತದೆ. ಯಾವ ಹೆಸರಿಗಾಗಿ ಇಷ್ಟು ಪದ್ಯ ಹುಟ್ಟಿತೋ ಅದನ್ನೇ ಬಿಟ್ಟು ಮಿಕ್ಕದ್ದೆಲ್ಲ ಹೇಳುತ್ತಿದ್ದೇನೆ. ಇದು ಎಷ್ಟು ಸೊಟ್ಟ ಎಂಬುದನ್ನು ತಮ್ಮ ಗೆರೆ ತೋರಿಸಲಾರದು.

ಆದ್ದರಿಂದ, ಒಳಗಿನಿಂದ ಹಾಕಿಕೊಳ್ಳಬಹುದಾದ, ಒಳಗಿದ್ದವಳು ಬಾಯಿ ಮುಚ್ಚಿಕೊಂಡಿರಬಹುದಾದ ಒಂದು ಬಾಗಿಲನ್ನು ಕೂಡಲೇ ಮಂಜೂರು ಮಾಡಬೇಕಾಗಿ ವಿನಂತಿ. ಹೂಬಳ್ಳಿ ಬೇಡ. ಸೊಟ್ಟವಿದ್ದರೂ ಆಕ್ಷೇಪಣೆ ಇಲ್ಲ.

ಪರದೆಯ ಈಚೆಯಿಂದ,
ಸದ್ಯಕ್ಕೆ ತಮ್ಮ ವಿಶ್ವಾಸಿ,
ಅತ್ತೆ

ಲಗತ್ತುಗಳು:
1) ಚಿಲಕ, ಒಂದು. ಎಣ್ಣೆ ಹಾಕಿದೆ.
2) ಕೆಮ್ಮಿನ ಔಷಧಿ, ಸೀಲು ಒಡೆಯದ್ದು.

ವಿ.ಸೂ.: ತಾವು ದಿನವೂ ಆಫೀಸಿನ ಜಿಮ್ಮಿನಲ್ಲೇ ಸ್ನಾನ ಮುಗಿಸಿ ಬರುತ್ತೀರೆಂದೂ, ಅಲ್ಲಿಯ ಬಾಗಿಲು ಬಲು ಭದ್ರವೆಂದೂ ಮಗಳಿಂದ ತಿಳಿದುಬಂದಿದೆ. ಬಾಗಿಲು ಬರುವವರೆಗೆ ತಾವೂ ಮನೆಯಲ್ಲೇ ಸ್ನಾನ ಮಾಡತಕ್ಕದ್ದು. ಪದ್ಯ ಬಾರದಿದ್ದರೆ ಬರೆದುಕೊಡುತ್ತೇನೆ. ಹೆಸರು ಬಂದ ಕಡೆ ತಪ್ಪದೆ ನಿಲ್ಲಿಸಬೇಕು. ಈ ಭಾನುವಾರ ನನ್ನ ತಂಗಿಯರೆಲ್ಲ ಬರುತ್ತಿದ್ದಾರೆ. ಅವರಿಗೆ ಬಚ್ಚಲ ದಾರಿ ನಾನೇ ತೋರಿಸುತ್ತೇನೆ.