ಕೋಳಿಗೆ ಮೌನ, ಸೈನಿಕನಿಗೆ ನಗು

ಸಂಖ್ಯೆ: ನಗು/ಅಳು/48/2025-26
ದಿನಾಂಕ: 17-11-2025

ಸುತ್ತೋಲೆ

ವಿಷಯ: ಯುದ್ಧದ ಎರಡು ಚಲನಚಿತ್ರಗಳ ಸಾಮೂಹಿಕ ವಿಮರ್ಶೆಯಲ್ಲಿ ಆದ ಲೋಪ ಹಾಗೂ ಶ್ರೀಮತಿ ಅಜ್ಜಮ್ಮ ಅವರ ತಡೆಹಿಡಿದ ಬಡ್ತಿ ಕುರಿತು.

ಉಲ್ಲೇಖ: 1) ಸಿಬ್ಬಂದಿ ಕಡ್ಡಾಯವಾಗಿ ನಗತಕ್ಕದ್ದು ಎಂಬ ಆದೇಶ. 2) ಅಜ್ಜಮ್ಮ ಅವರು ಏಕೆ ನಗಲಿಲ್ಲ ಎಂಬ ನೋಟಿಸು.

1. ಸದರಿ ಕಾರ್ಯಕ್ರಮಕ್ಕೆ ಪರದೆ ಬಾಡಿಗೆ ರೂ. 1,600, ಮಂಡಕ್ಕಿ-ಮೆಣಸಿನಕಾಯಿ ರೂ. 2,140, ಅಳುವವರಿಗೆ ಕರವಸ್ತ್ರ 48ಕ್ಕೆ ರೂ. 720 ವೆಚ್ಚವಾಗಿರುತ್ತದೆ. ಕರವಸ್ತ್ರಗಳ ಪೈಕಿ 47 ಒಣಗಿದ ಸ್ಥಿತಿಯಲ್ಲೇ ವಾಪಸು ಬಂದಿವೆ. ಒಂದು ಒದ್ದೆಯಾಗಿದೆ. ಈ ಸುತ್ತೋಲೆಯು ಆ ಒಂದರ ಕುರಿತದ್ದು.

2. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ಕಚೇರಿಗಳ 48 ಸಿಬ್ಬಂದಿಯನ್ನು, ಎರಡನೇ ಶನಿವಾರ ಎಂಬುದನ್ನೂ ಲೆಕ್ಕಿಸದೆ, ದಿನಾಂಕ 11-10-2025ರಂದು ಜಗಳೂರಿಗೆ ಕರೆಸಲಾಗಿತ್ತು. ಮೊದಲ ಚಿತ್ರವು ಯುದ್ಧವನ್ನು ಗೇಲಿ ಮಾಡುವ ಹಾಸ್ಯಚಿತ್ರವಾದ್ದರಿಂದ ನಗಬೇಕೆಂದೂ, ಎರಡನೆಯದು ಹಳೆಯ, ಹೆಸರಾಂತ ಯುದ್ಧಚಿತ್ರವಾದ್ದರಿಂದ ಕೊನೆಯ ಎರಡು ನಿಮಿಷ ಎದ್ದುನಿಂತು ಮೌನ ಆಚರಿಸಬೇಕೆಂದೂ ಲಿಖಿತವಾಗಿ ಸೂಚಿಸಲಾಗಿತ್ತು.

3. ಗುರುತಿಗಾಗಿ ಹಾಸ್ಯದ ಪೆನ್‌ಡ್ರೈವಿಗೆ ಅರಿಶಿನದ ಬೊಟ್ಟು, ಯುದ್ಧದ ಪೆನ್‌ಡ್ರೈವಿಗೆ ಕುಂಕುಮದ ಬೊಟ್ಟು ಇಡಲಾಗಿತ್ತು. ನಡುವೆ ಆಯುಧಪೂಜೆ ಬಂತು. ಕಚೇರಿಯ ಜೀಪು, ಬೀರು, ಸ್ಟೇಪ್ಲರ್‌ಗಳೊಂದಿಗೆ ಎರಡೂ ಪೆನ್‌ಡ್ರೈವುಗಳಿಗೆ ಎರಡೂ ಬೊಟ್ಟು ಇಟ್ಟು ಭಕ್ತಿಯಿಂದ ಪೂಜಿಸಲಾಯಿತು. ಪರಿಣಾಮವಾಗಿ ಯುದ್ಧಚಿತ್ರ ಮೊದಲು ಓಡಿತು.

4. ಆದೇಶದಂತೆ 47 ಮಂದಿ ನಕ್ಕರು. ಗಾಯಗೊಂಡ ಸೈನಿಕ ಕಣ್ಣುಮುಚ್ಚುವಾಗ ಹೆಚ್ಚು ನಕ್ಕರು. ಅನಂತರ ಹಾಸ್ಯಚಿತ್ರದ ಕೊನೆಯಲ್ಲಿ ದಂಡನಾಯಕನು ಕೋಳಿಯೊಂದನ್ನು ಅಟ್ಟಿಸಿಕೊಂಡು ಶತ್ರುಗಳ ಅಡುಗೆಮನೆಗೆ ನುಗ್ಗುವಾಗ, ಅದೇ 47 ಮಂದಿ ಎದ್ದುನಿಂತು ತಲೆತಗ್ಗಿಸಿ ಎರಡು ನಿಮಿಷ ಮೌನ ಆಚರಿಸಿದರು. ಈ ಕುರಿತು ಚನ್ನಗಿರಿ ಕಚೇರಿಯ, ಸಂತೇಬೆನ್ನೂರಿನ ಪ್ರಥಮ ದರ್ಜೆ ಸಹಾಯಕ ಪಂಚಾಕ್ಷರಪ್ಪ ಅವರ ಹೇಳಿಕೆ: "ಆರ್ಡರ್‌ನಾಗೆ ನಗ್ರಿ ಅಂತಿತ್ತು, ನಕ್ವಿ. ನಿಂದರ್ರಿ ಅಂತಿತ್ತು, ನಿಂತ್ವಿ. ಪಿಚ್ಚರ್ ನೋಡ್ರಿ ಅಂತ ಎಲ್ಲೂ ಬರ್ದಿರ್ಲಿಲ್ಲ."

5. ಜಗಳೂರು ಕಚೇರಿಯ ಜವಾನರಾದ, ಸೊಕ್ಕೆ ಗ್ರಾಮದ ಅಜ್ಜಮ್ಮ ಅವರು ಮಾತ್ರ ನಗಬೇಕಾದಲ್ಲಿ ಅತ್ತು, ಮೌನವಿರಬೇಕಾದಲ್ಲಿ ನಕ್ಕಿರುತ್ತಾರೆ. ಇಪ್ಪತ್ತೆಂಟು ವರ್ಷಗಳ ಸೇವೆಯ ನಂತರ ಅವರಿಗೆ ಬರಬೇಕಿದ್ದ ದಫೇದಾರ್ ಬಡ್ತಿಯನ್ನು ಅವಿಧೇಯತೆಯ ಕಾರಣಕ್ಕೆ ತಡೆಹಿಡಿಯಲಾಯಿತು. ನಿವೃತ್ತಿಗೆ ಐದು ತಿಂಗಳು ಉಳಿದಿದ್ದು, ಈಗ ತಪ್ಪಿದರೆ ಅವರಿಗೆ ಮತ್ತೆ ಬಡ್ತಿಯಿಲ್ಲ.

6. ಅಧೀಕ್ಷಕ ಶಿವಮೂರ್ತಪ್ಪ ಅವರು ನಡೆಸಿದ ವಿಚಾರಣೆಯ ಯಥಾಪ್ರತಿ:
ಪ್ರಶ್ನೆ: ಎಲ್ಲರೂ ನಗುವಾಗ ನೀವೊಬ್ಬರೇ ಅತ್ತಿದ್ದೇಕೆ?
ಉತ್ತರ: ಆ ಹುಡುಗ ನೀರು ನೀರು ಅಂತಿದ್ದ ಸಾಹೇಬ್ರೆ. ಕೊಡಾಕೆ ಯಾರೂ ಇರ್ಲಿಲ್ಲ. ಈ ಆಫೀಸ್ನಾಗೆ ಕೇಳ್ದೋರಿಗೆಲ್ಲ ನೀರು ಕೊಡೋದೇ ನನ್ನ ಕೆಲ್ಸ. ಹೆಂಗೆ ನಗ್ಲಿ?
ಪ್ರಶ್ನೆ: ಮೌನದ ಹೊತ್ತಿನಲ್ಲಿ ನಕ್ಕಿದ್ದೇಕೆ?
ಉತ್ತರ: ಕೋಳಿ ಕಂಡ್ರೀ! ನೀವೂ ನಕ್ರಿ, ಫೈಲ್ ಅಡ್ಡ ಹಿಡ್ಕಂಡು. ನಾನು ನೋಡೀನಿ.
(ಕೊನೆಯ ಉತ್ತರವನ್ನು ಕಡತದಿಂದ ತೆಗೆಯಲು ಅಧೀಕ್ಷಕರು ಸೂಚಿಸಿದ್ದು, ತೆಗೆಯಲು ಮರೆತುಹೋಗಿರುತ್ತದೆ.)

7. ಮುಂದಿನ ವಿಮರ್ಶೆಗಳಿಗೆ ಅನ್ವಯಿಸುವಂತೆ ಈ ಕೆಳಕಂಡ ನಿಯಮಗಳನ್ನು ಜಾರಿಗೊಳಿಸಲಾಗಿದೆ:
(ಅ) ತೆರೆಯ ಮೇಲೆ ಯಾರಾದರೂ ಸತ್ತಲ್ಲಿ, ನಗುವ ಮುನ್ನ ಮೇಲಧಿಕಾರಿಯ ಅನುಮತಿ ಪಡೆಯತಕ್ಕದ್ದು. ಮೇಲಧಿಕಾರಿ ಆಗಲೇ ನಗುತ್ತಿದ್ದಲ್ಲಿ ಅನುಮತಿ ದೊರೆತಿದೆಯೆಂದು ಭಾವಿಸತಕ್ಕದ್ದಲ್ಲ.
(ಆ) ಮೆಣಸಿನಕಾಯಿಯನ್ನು ಫಿರಂಗಿ ಸಿಡಿಯುವಾಗ ಮಾತ್ರ ಕಚ್ಚತಕ್ಕದ್ದು. ಫಿರಂಗಿ ತಡವಾದಲ್ಲಿ ಬಾಯಲ್ಲೇ ಇಟ್ಟುಕೊಂಡು ಕಾಯತಕ್ಕದ್ದು. ಖಾರದಿಂದ ಬಂದ ಕಣ್ಣೀರನ್ನು ದೇಶಭಕ್ತಿಯ ಬಾಬ್ತಿಗೆ ಸೇರಿಸುವಂತಿಲ್ಲ.
(ಇ) ಹೊಟ್ಟೆ ಹಿಡಿದು ನಗುವವರು ಅರ್ಧ ದಿನದ ಸಾಂದರ್ಭಿಕ ರಜೆಗೆ ಮುಂಚಿತವಾಗಿ ಅರ್ಜಿ ಸಲ್ಲಿಸತಕ್ಕದ್ದು.
(ಈ) ಕೋಳಿಗೆ ಸಲ್ಲಿಸಿದ ಮೌನವನ್ನು ಹಿಂಪಡೆಯಲು ಅವಕಾಶವಿರುವುದಿಲ್ಲ. ಅದನ್ನು ಮುಂದಿನ ಮೌನಾಚರಣೆಯಲ್ಲಿ ಸರಿಹೊಂದಿಸಲಾಗುವುದು.

8. ಸ್ವೀಕೃತವಾದ 47 ವಿಮರ್ಶೆಗಳಲ್ಲೂ ಒಂದೇ ವಾಕ್ಯವಿದ್ದು, ನ್ಯಾಮತಿ ಕಚೇರಿಯ, ಸವಳಂಗದ ಗುರುಬಸವರಾಜ್ ಅವರು ಮೊದಲು ಬರೆದದ್ದನ್ನು ಉಳಿದವರು ನೋಡಿ ಬರೆದಿರುವುದು ಕಂಡುಬಂದಿದೆ. ಹಾಸ್ಯ ಚೆನ್ನಾಗಿದೆ ಎಂಬ ಅರ್ಥದಲ್ಲಿ ಅವರು ಯುದ್ಧಚಿತ್ರವನ್ನು "ಹಾಸ್ಯಾಸ್ಪದ" ಎಂದಿರುತ್ತಾರೆ. ಎರಡೂ ಚಿತ್ರಗಳನ್ನು ನಿಜವಾಗಿ ನೋಡಿದವರು ಅಜ್ಜಮ್ಮ ಒಬ್ಬರೇ ಆಗಿದ್ದು, ಅವರು ವಿಚಾರಣೆಯಲ್ಲಿ ನೀಡಿದ ಉತ್ತರಗಳನ್ನೇ ಇಲಾಖೆಯ ಅಧಿಕೃತ ವಿಮರ್ಶೆಯೆಂದು ಅಂಗೀಕರಿಸಲಾಗಿದೆ. ಇಲಾಖೆಯಿಂದ ತಪ್ಪಾಗಿದೆ ಎಂದು ಇದಕ್ಕೆ ಅರ್ಥ ಕಲ್ಪಿಸತಕ್ಕದ್ದಲ್ಲ. ಕಲ್ಪಿಸಿದಲ್ಲಿ ಜೋರಾಗಿ ಹೇಳತಕ್ಕದ್ದಲ್ಲ.

9. ನೋಟಿಸನ್ನು ಹಿಂಪಡೆದು, ಅಜ್ಜಮ್ಮ ಅವರಿಗೆ ಇಂದಿನಿಂದಲೇ ದಫೇದಾರ್ ಹುದ್ದೆಗೆ ಬಡ್ತಿ ನೀಡಲಾಗಿದೆ. ಜವಾನರ ಹುದ್ದೆ ಖಾಲಿಯಾಗಿದ್ದು, ಸದ್ಯಕ್ಕೆ ತುಂಬುವ ಪ್ರಸ್ತಾವ ಇರುವುದಿಲ್ಲ. ಇಲಾಖೆಗೆ ಒಬ್ಬ ದಫೇದಾರ್ ದೊರೆತಿದ್ದಾರೆ. ಶಿವಮೂರ್ತಪ್ಪ ಅವರು ನೀರನ್ನು ತಾವೇ ಎದ್ದು ಹೋಗಿ ಕುಡಿಯತಕ್ಕದ್ದು.

ಸಹಿ/-
(ಜಯದೇವಪ್ಪ)
ಮೇಲಧಿಕಾರಿ

ಪ್ರತಿಗಳು:
1. ನಾಲ್ಕೂ ತಾಲ್ಲೂಕು ಕಚೇರಿಗಳಿಗೆ, ಓದಿ ಸಹಿ ಮಾಡಲು. (ಓದದೆ ಸಹಿ ಮಾಡುವಂತಿಲ್ಲ.)
2. ಶ್ರೀಮತಿ ಅಜ್ಜಮ್ಮ, ದಫೇದಾರ್, ಅವರಿಗೆ ಖುದ್ದಾಗಿ.
3. ಮಂಡಕ್ಕಿ ಅಂಗಡಿಗೆ, ಬಿಲ್ಲಿನೊಂದಿಗೆ.
4. ಕೋಳಿಗೆ. (ವಿಳಾಸ ಸಿಗದೆ ವಾಪಸು.)
5. ಕಚೇರಿ ಕಡತಕ್ಕೆ.