ಭಾವನವರ ಕಂಪ್ಯೂಟರ್ ಏಳುವ ಹೊತ್ತು

ನಮ್ಮ ಭಾವನವರಷ್ಟು ನಿಧಾನಸ್ಥರು ಇಡೀ ವಡೋದರಾದಲ್ಲಿ ಇನ್ನೊಬ್ಬರಿಲ್ಲ. ಅವರಷ್ಟು ಅವಸರದವರೂ ಇಲ್ಲ! ಸ್ನಾನಕ್ಕೆ ಹೋದರೆ ಪೇಪರಿನವನು, ಹಾಲಿನವನು, ಕಸದ ಗಾಡಿ ಎಲ್ಲ ಬಂದುಹೋದರೂ ಬಕೆಟ್ಟು ಇನ್ನೂ ಅರ್ಧ ತುಂಬಿರುತ್ತದೆ. ಮದುವೆಗೆ ಹೊರಟರೆ ಸರಿಯಾಗಿ ಕೊನೆಯ ಪಂಕ್ತಿಗೆ ತಲುಪುತ್ತಾರೆ. ಆದರೆ ಮನೆಯ ಹಳೆಯ ಕಂಪ್ಯೂಟರ್ ಮಾತ್ರ ಗುಂಡಿ ಒತ್ತಿದ ಕೂಡಲೇ ಎದ್ದು ನಿಲ್ಲಬೇಕು.

ಅವರು ಮಕರಪುರದ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಯಾರೋ ಸಹೋದ್ಯೋಗಿ ಆ ಕಂಪ್ಯೂಟರಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಟ್ಟು, ಅದು ಏಳುವಾಗ ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡುವ ಉಪಾಯವನ್ನೂ ಹೇಳಿಕೊಟ್ಟರು. ಅಲ್ಲಿಗೆ ನನ್ನ ಅಕ್ಕನ ನೆಮ್ಮದಿ ಮುಗಿಯಿತು. ಸೋಮಾರಿಗಳನ್ನು ಹಿಡಿಯುವ ಮೇಸ್ತ್ರಿಯ ಹಾಗೆ ಭಾವ, ತಡಮಾಡುವವರನ್ನೆಲ್ಲ ಒಬ್ಬೊಬ್ಬರಾಗಿ ಮನೆಗೆ ಕಳಿಸತೊಡಗಿದರು. ಮೊದಲು ಬ್ಲೂಟೂತ್ ಹೋಯಿತು. ಆಮೇಲೆ ಪ್ರಿಂಟರ್.

ನಾನಿರುವುದು ಅಹಮದಾಬಾದಿನ ವಸ್ತ್ರಾಪುರದಲ್ಲಿ. ಶನಿವಾರ ಬಂತೆಂದರೆ ಅಕ್ಕನ ಮನೆ. ಒಮ್ಮೆ ಆಫೀಸಿನ ಕಾಗದವೊಂದನ್ನು ಪ್ರಿಂಟ್ ಮಾಡಹೋದರೆ ಪ್ರಿಂಟರ್ ಮಿಸುಕಲಿಲ್ಲ. ಭಾವನನ್ನು ಕೇಳಿದೆ.

"ವರ್ಷಕ್ಕೊಂದ್ಸಲ ಬರೋ ನೆಂಟರಿಗೆ ದಿನಾ ಬೆಳಿಗ್ಗೆ ಎಲೆ ಹಾಕ್ಕೊಂಡು ಕಾಯಕ್ಕಾಗತ್ತೇನಪ್ಪಾ?" ಎಂದರು.

ಇನ್ನೊಮ್ಮೆ ಅವರು ಏನನ್ನೋ ಕಿತ್ತುಹಾಕಿದ್ದಕ್ಕೆ ಕಂಪ್ಯೂಟರ್ ಏಳುವುದೇ ನಿಂತುಹೋಯಿತು. ಕಪ್ಪು ಪರದೆಯ ಮುಂದೆ ಕೂತ ಭಾವನಿಗೆ ಉಪ್ಪಿಟ್ಟೂ ಸೇರಲಿಲ್ಲ. ಭಾನುವಾರ ಪೂರ್ತಿ ಶುಶ್ರೂಷೆ ಮಾಡಿ ಸಂಜೆಗೆ ಅದನ್ನು ಬದುಕಿಸಿಕೊಂಡರು.

ದೀಪಾವಳಿಗೆ ಅಕ್ಕನಿಗೆ ಸೀರೆ ಬಂತು, ಕಂಪ್ಯೂಟರಿಗೆ ಹಳೆಯ ಹಾರ್ಡ್‌ಡಿಸ್ಕಿನ ಬದಲು ಅದಕ್ಕಿಂತ ಎಷ್ಟೋ ಚುರುಕಾದ ಹೊಸ ಎಸ್‌ಎಸ್‌ಡಿ ಬಂತು. ಯಾವುದಕ್ಕೆ ಹೆಚ್ಚು ಬೆಲೆ ಎಂದು ಅಕ್ಕ ಕೇಳಲಿಲ್ಲ, ಪುಣ್ಯ! ಹಿಗ್ಗು ತಡೆಯಲಾರದೆ ಭಾವ ಎದುರು ಫ್ಲ್ಯಾಟಿನ ಗುಜರಾತಿ ಹಿರಿಯರೊಬ್ಬರನ್ನು ಕರೆತಂದು ಕೂರಿಸಿ, ಗುಂಡಿ ಒತ್ತಿದರು. ಹಿರಿಯರು ತಟ್ಟೆಯತ್ತ ಬಗ್ಗಿ ಕಡಲೆಹಿಟ್ಟಿನ ಫಾಫ್ಡಾ ತೆಗೆದುಕೊಂಡು, ಅದಕ್ಕೊಂದು ಕರಿದ ಮೆಣಸಿನಕಾಯಿ ಆರಿಸಿ ತಲೆಯೆತ್ತುವಷ್ಟರಲ್ಲಿ ಪರದೆಯ ಮೇಲೆ ಎಲ್ಲ ಸಿದ್ಧವಾಗಿತ್ತು. ಅವರು ಸಾವಕಾಶವಾಗಿ ಅಗಿದು ನುಂಗಿ, "ಹವೇ ಚಾಲು ಕರೋ, ಭಾಯ್" ಎಂದರು. ಸರಿ, ಇನ್ನು ಶುರು ಮಾಡಿ ಅಂತ!

ಹೀಗೆ ಉಳಿಸಿದ ಹೊತ್ತಿನಲ್ಲಿ ಏನು ಮಾಡುತ್ತೀರಿ ಎಂದು ಅಕ್ಕ ಕೇಳಿದರೆ, ಆಫ್ ಮಾಡಿ ಇನ್ನೊಂದು ಸಲ ನೋಡುತ್ತೇನೆ ಎಂಬ ಉತ್ತರ ಬರುತ್ತಿತ್ತು. ಇಂಥವರ ಜೊತೆ ಯಾರು ಏಗುತ್ತಾರೆ, ಹೇಳಿ?

ಕಳೆದ ಚಳಿಗಾಲದಲ್ಲಿ ಅಕ್ಕನ ಗಂಟಲು ಕೆಟ್ಟಿತು. ಮನೆಯಲ್ಲೇ ಮಕ್ಕಳಿಗೆ ಪಾಠ ಹೇಳುವವಳು; ಅವಳು ಮಗ್ಗಿ ಹೇಳಿಸಿದರೆ ಕೆಳಗೆ ಗೇಟಿನವರೆಗೂ ಕೇಳುತ್ತಿತ್ತು. ಆಪರೇಷನ್ ಆಯಿತು. ತಾವು ಹೇಳುವವರೆಗೆ ಪಿಸುಮಾತೂ ಕೂಡದೆಂದು ಡಾಕ್ಟರು ಅಪ್ಪಣೆ ಮಾಡಿದರು. ಟೈಪ್ ಮಾಡಿ ತೋರಿಸೋಣವೆಂದರೆ ಮೊಬೈಲಿನ ಸಣ್ಣ ಅಕ್ಷರ ಅವಳಿಗಾಗದು. ಹಾಗಾಗಿ ಭಾವ ಕಂಪ್ಯೂಟರನ್ನು ಊಟದ ಮೇಜಿಗೆ ತಂದಿಟ್ಟು, ಕನ್ನಡ ಅಕ್ಷರ ದೊಡ್ಡದಾಗಿ ಮೂಡುವಂತೆ ಮಾಡಿಕೊಟ್ಟಿದ್ದರು.

ನಾನು ನೋಡಲು ಹೋದವನು ಅಭ್ಯಾಸಬಲದಿಂದ, ಈಗ ಎಷ್ಟು ಸೆಕೆಂಡಿಗೆ ಏಳುತ್ತದೆ ಎಂದು ಕೇಳಿದೆ.

"ಗೊತ್ತಿಲ್ಲಪ್ಪ. ನಿಮ್ಮಕ್ಕ ಆಸ್ಪತ್ರೆಯಿಂದ ಬಂದಾಗಿಂದ ಆಫೇ ಮಾಡಿಲ್ಲ."

ಯಾಕೆಂದು ಕೇಳಿದ್ದಕ್ಕೆ ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು. "ಅವಳಿಗೆ ಏನಾದ್ರೂ ಹೇಳ್ಬೇಕು ಅನ್ಸಿದಾಗ ಇದು ಮಲಗಿರಬಾರ್ದು."

ಅಷ್ಟರಲ್ಲಿ ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಕೂತಳು. ಒಂದೇ ಬೆರಳಿನಲ್ಲಿ ಅಕ್ಷರ ಹುಡುಕುತ್ತಾಳೆ; ಒತ್ತಕ್ಷರ ಬಂದರೆ ಮುಗಿಯಿತು. ನೋಡುತ್ತ ನನಗೇ ಕೈ ತುರಿಸಿತು. ಭಾವ ಅವಳ ಹಿಂದೆ ಅಲುಗಾಡದೆ ನಿಂತಿದ್ದರು. ಕೊನೆಗೂ ಮೂಡಿತು: ಸಾರಿಗೆ ಉಪ್ಪು ಸರಿಯಾಗಿದೆಯಾ ನೋಡಿ.

ಭಾವ ಅದನ್ನು, ಆ ಮಾತು ಮನೆಯಲ್ಲಿ ಒಮ್ಮೆ ಕೇಳಿಸಲಿ ಎಂಬಂತೆ, ಗಟ್ಟಿಯಾಗಿ ಓದಿದರು.